ಹದಿನೇಳನೇ ಮನೆಯ ಟ್ರಿಪ್ಪರ್

ಆಗೆಲ್ಲ ಕರೆಂಟು ಹೋದ ತಕ್ಷಣ ನಾವು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಬಾಗಿಲಿಗೆ ಓಡಿಬಂದು ಪಕ್ಕದ ಮನೆಯತ್ತ ನೋಡುವುದು. ಮೇಣದಬತ್ತಿ ಹುಡುಕುವುದು ಆಮೇಲೆ. ಅಲ್ಲೂ ಕತ್ತಲಾಗಿದ್ದರೆ ಮನಸ್ಸಿಗೆ ಏನೋ ಸಮಾಧಾನ. "ಎಲ್ಲಾರ್ದೂ ಹೋಗೈತೆ" ಎಂದು ಒಳಗೆ ಕೂಗಿ ಹೇಳಿ, ಜಗಲಿ ಮೇಲೆ ಕಾಲು ಚಾಚಿ ಕೂತು, ಬೀದಿಯವರೆಲ್ಲ ಸೇರಿ ಲೈನ್‌ಮನ್ನನ್ನು ಬೈಯುವ ಸುಖವೇ ಬೇರೆ. ಎದುರು ಮನೆಯ ಟಿ.ವಿ. ಹಾಡುತ್ತಾ ಇದ್ದು ನಮ್ಮದೊಂದೇ ಕತ್ತಲಾಗಿದ್ದರೆ ಮಾತ್ರ ಮುಖ ಸಣ್ಣದಾಗುತ್ತಿತ್ತು. ಏನೋ ತಪ್ಪು ಮಾಡಿ ಸಿಕ್ಕಿಬಿದ್ದ ಹಾಗೆ. ಸಣ್ಣ ಊರುಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಹೇಳುತ್ತಿರುವುದು ಅರಸೀಕೆರೆಯ ಮಾತು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ಏಳನೇ ಕ್ಲಾಸು. ಅಪ್ಪ ರೈಲ್ವೆಯಲ್ಲಿ ಸಿಗ್ನಲ್ ರಿಪೇರಿ ಕೆಲಸದಲ್ಲಿದ್ದ, ಅಮ್ಮ ಪ್ರೈಮರಿ ಶಾಲೆಯ ಟೀಚರ್. ನಾವು ಬಾಡಿಗೆಗಿದ್ದದ್ದು ಕೊಬ್ಬರಿ ಮಂಡಿಯ ರಂಗಸ್ವಾಮಿಯ ಮನೆಯಲ್ಲಿ. ಸತ್ತುಹೋದ ಹಿರಿಯರಿಗೆ ಬಹುವಚನ ಕೊಟ್ಟು ಬರೆಯಬೇಕೆಂದು ನನಗೂ ಗೊತ್ತು. ಆದರೆ ಕೈ ಬರುವುದಿಲ್ಲ. ಅವನು ಅಂತಲೇ ಬರೆಯುತ್ತೇನೆ.

ಆ ಮನೆ ನಮಗೆ ಸಿಕ್ಕಿದ್ದು ಹದಿನಾರು ಮನೆ ನೋಡಿದ ಮೇಲೆ. ಮನೆ ತೋರಿಸುವವರು ಎಲ್ಲವನ್ನೂ ತೋರಿಸಿ, ನಲ್ಲಿ ಎಷ್ಟು ಗಂಟೆಗೆ ಬರುತ್ತದೆ ಎಂಬುದನ್ನೂ ಹೇಳಿ, ಕೊನೆಗೆ ಬಾಗಿಲ ಹತ್ತಿರ ನಿಂತು "ತಾವು ಯಾವ ಪೈಕಿ?" ಅನ್ನುತ್ತಿದ್ದರು. ಅಪ್ಪ "ನಾವು ಬೌದ್ಧರು" ಅನ್ನುತ್ತಿದ್ದ. "ಬೌದ್ಧರು ಅಂದ್ರೆ? ಮೊದ್ಲು ಏನಿದ್ರಿ?" ಎಂಬ ಎರಡನೇ ಪ್ರಶ್ನೆ ಬರುತ್ತಿತ್ತು. ಅಪ್ಪ ಸುಳ್ಳು ಹೇಳುತ್ತಿರಲಿಲ್ಲ. ಮರುದಿನ ಆ ಮನೆಗೆ ಯಾರೋ ನೆಂಟರು ಬರುವುದು ಗೊತ್ತಾಗಿ ಮನೆ ಇಲ್ಲವಾಗುತ್ತಿತ್ತು. ರಂಗಸ್ವಾಮಿ ಮಾತ್ರ "ರೈಲ್ವೆಯೋರಾ? ಸರಿ ಬನ್ನಿ" ಎಂದು ಬೀಗದ ಕೈ ಕೊಟ್ಟುಬಿಟ್ಟಿದ್ದ. ಎರಡನೇ ಪ್ರಶ್ನೆ ಅವನಿಗೆ ಹೊಳೆದದ್ದು ನಾವು ಬುದ್ಧನ ಪಟವನ್ನು ಗೋಡೆಗೆ ಹಾಕಿದ ಮೇಲೆ. ಅಷ್ಟರಲ್ಲಿ ನಮ್ಮ ಪಾತ್ರೆ ಪಗಡ ಎಲ್ಲ ಒಳಗೆ ಬಂದಾಗಿತ್ತು.

ಒಂದೇ ಮಾಡಿನ ಕೆಳಗೆ ಎರಡು ಮನೆ. ಮುಂದಿನದು ಅವರದು, ಹಿಂದಿನ ಎರಡು ರೂಮು, ಅಡಿಗೆಮನೆ, ಬಚ್ಚಲು ನಮ್ಮದು. ಇಡೀ ಮನೆಯ ಮೇಲೆ ಬಿದಿರು ದಬ್ಬೆಯ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ಸುಲಿಯದ ಕಾಯಿಯನ್ನು ಹಾಗೆ ಹತ್ತು ಹನ್ನೊಂದು ತಿಂಗಳು ಒಣಗಲು ಬಿಟ್ಟರೆ ಒಳಗಿನ ನೀರು ಆರಿ, ತಿರುಳು ಕರಟ ಬಿಟ್ಟು ಗಿಟುಕು ಕೊಬ್ಬರಿಯಾಗುತ್ತದೆ. ರಂಗಸ್ವಾಮಿ ಮೇಲೆ ಹತ್ತಿ ಕಾಯಿ ಹೊರಳಿಸುವಾಗ ನಮ್ಮ ತಲೆಯ ಮೇಲೆ ಗಡಗಡ ಗಡಗಡ ಎಂದು ಗೂಡ್ಸು ಗಾಡಿ ಹೋಗುತ್ತಿತ್ತು. ಉಪ್ಪಿಟ್ಟಿನ ತಟ್ಟೆಗೆ ನಾರಿನ ಧೂಳು ಉದುರುತ್ತಿತ್ತು. ಮನೆಯೆಲ್ಲ ಒಂದು ಸಿಹಿ ಕಮಟು ವಾಸನೆ, ಹೊದೆಯುವ ಕಂಬಳಿಗೂ ಅದೇ ವಾಸನೆ.

ಕರೆಂಟಿನ ಬೋರ್ಡು ಅವರ ಮುಂದಿನ ತೆರೆದ ಪಡಸಾಲೆಯಲ್ಲಿತ್ತು. ಪಿಂಗಾಣಿ ಫ್ಯೂಸು ಕಿತ್ತು ರಂಗಸ್ವಾಮಿ ಆಗತಾನೆ ಹೊಸದಾಗಿ ಬಿಳೀ ಸ್ವಿಚ್ಚುಗಳನ್ನು ಹಾಕಿಸಿದ್ದ. ಲೋಡು ಜಾಸ್ತಿಯಾದರೆ, ವೈರಿಗೆ ವೈರು ತಾಗಿದರೆ ತಾನಾಗಿಯೇ ಟಕ್ ಎಂದು ಕೆಳಗೆ ಬೀಳುವಂಥವು. ಎಲ್ಲರೂ ಅದಕ್ಕೆ ಟ್ರಿಪ್ಪರ್ ಅನ್ನುತ್ತಿದ್ದರು. ಮೂರು ಟ್ರಿಪ್ಪರ್, ಪಕ್ಕದಲ್ಲಿ ಮೇನ್ ಸ್ವಿಚ್ಚು, ಎಲ್ಲಕ್ಕೂ ಸೇರಿ ಒಂದು ಮರದ ಪೆಟ್ಟಿಗೆ, ಪೆಟ್ಟಿಗೆಗೆ ಬೀಗ. ಬೀಗದ ಕೈ ಅವನ ಹೆಂಡತಿ ಜಯಮ್ಮನ ಸೊಂಟದಲ್ಲಿ. ಮೂರನೇ ಟ್ರಿಪ್ಪರ್ ನಮ್ಮ ಮನೆಯದು.

ಅಪ್ಪ ನನಗೆ ಟ್ರಿಪ್ಪರ್ ವಿದ್ಯೆ ಹೇಳಿಕೊಟ್ಟದ್ದು ಗೆಂಡೆಹಳ್ಳಿಯ ಅಜ್ಜಿ ಮನೆಯಲ್ಲಿ. ಅಲ್ಲಿ ಒಮ್ಮೆ ಅಜ್ಜಿ ಮಿಕ್ಸಿ ತೊಳೆದು ಹಾಗೇ ಹಾಕಿದ್ದಕ್ಕೆ ಕರೆಂಟು ಹೋಗಿತ್ತು. ನಾನು ಓಡಿಹೋಗಿ ಎತ್ತಲು ಕೈ ಹಾಕಿದಾಗ ಅಪ್ಪ ನನ್ನ ರಟ್ಟೆ ಹಿಡಿದು ನಿಲ್ಲಿಸಿದ.

"ಬಿದ್ದ ತಕ್ಷಣ ಎತ್ತಬ್ಯಾಡ ಕಣವ್ವ. ಯಾಕ್ ಬಿತ್ತು ಅಂತ ಕೇಳು ಮೊದ್ಲು. ಅದು ಬೀಳೋದು ನಮ್ಮುನ್ನ ಉಳಿಸಾಕೆ. ನಾವು ಅದನ್ನೇ ಬೈತೀವಿ."

ಅಪ್ಪ ಹೇಳಿದ ಹಾಗೆ ಕೈ ಒರೆಸಿಕೊಂಡು, ಒಣ ಚಪ್ಪಲಿ ಮೆಟ್ಟಿಕೊಂಡು, ಮನೆಯ ಸ್ವಿಚ್ಚೆಲ್ಲ ಆರಿಸಿ, ಪ್ಲಗ್ಗೆಲ್ಲ ಕಿತ್ತು ಬಂದೆ. ಆಮೇಲೆ ಟ್ರಿಪ್ಪರನ್ನು ಪೂರ್ತಿ ಕೆಳಗೆ ಒತ್ತಿ, ಮೇಲೆತ್ತಿದೆ. ನಿಂತಿತು. ಈಗ ಒಂದೊಂದೇ ಹಾಕುತ್ತಾ ಹೋಗು, ಯಾವುದನ್ನು ಹಾಕಿದಾಗ ಬೀಳುತ್ತದೋ ಅದೇ ಕಳ್ಳ ಎಂದ. ಮಿಕ್ಸಿಗೆ ಬಂದಾಗ ಟಕ್. ನನಗೆ ಕುಣಿಯುವಷ್ಟು ಖುಷಿ. "ಎಲ್ಲಾ ಕಿತ್ತು ಹಾಕಿದ್ ಮ್ಯಾಲೂ ನಿಲ್ಲಲಿಲ್ಲ ಅಂದ್ರೆ?" ಎಂದು ಕೇಳಿದೆ. "ಹಂಗಾರೆ ಕಳ್ಳ ಗೋಡೆ ಒಳಗವ್ನೆ. ಎತ್ತಾಕೇ ಹೋಗಬಾರದು. ಹಂಗೇ ಬಿಟ್ಟು ಗೊತ್ತಿರೋರ್ನ ಕರೀಬೇಕು" ಎಂದ ಅಪ್ಪ.

ಇಷ್ಟು ವಿದ್ಯೆ ಕಲಿತ ನಾನು ಅರಸೀಕೆರೆಯಲ್ಲಿ ನಮ್ಮ ಟ್ರಿಪ್ಪರನ್ನು ಮುಟ್ಟುವ ಹಾಗಿರಲಿಲ್ಲ. ಆ ವರ್ಷ ಹೊಸ ಕಾಯಿ ಅಟ್ಟ ಏರಿದ ಮೇಲೆ ಅದು ವಾರಕ್ಕೆರಡು ಸಲ ಬೀಳತೊಡಗಿತು. ಪಬ್ಲಿಕ್ ಪರೀಕ್ಷೆ ಹತ್ತಿರ ಬಂದಿತ್ತು. ಪ್ರತಿ ಸಲವೂ ನಾನೇ ಮುಂದಿನ ಮನೆಯ ಮೆಟ್ಟಿಲ ಕೆಳಗೆ ನಿಂತು ಕೂಗಬೇಕು.

"ಆಂಟಿ, ಟ್ರಿಪ್ ಆಗಿದೆ."

"ಮತ್ತೇನ್ ಹಾಕುದ್ರವ್ವ? ಇಸ್ತ್ರಿ ಪೆಟ್ಟಿಗೆನಾ?"

"ಇಲ್ಲ ಆಂಟಿ, ಒಂದೇ ಒಂದು ಬಲ್ಬು."

"ಒಂದು ಬಲ್ಬಿಗೆ ಬೀಳಾಕೆ ಅದ್ಕೇನು ಹುಚ್ಚಾ? ದೂರ ನಿಂತ್ಕೊ, ಹತ್ರ ಬರಬ್ಯಾಡ."

ಜಯಮ್ಮ ಒದ್ದೆ ಕೈಯಲ್ಲೇ ಬೀಗ ತೆಗೆದು, ಒದ್ದೆ ಕೈಯಲ್ಲೇ ಟಕ್ಕನೆ ಎತ್ತುತ್ತಿದ್ದಳು. ಬಿದ್ದರೆ ಮತ್ತೆ ಎತ್ತುತ್ತಿದ್ದಳು. ಐದಾರು ಸಲ ಜಗಳ ಆಡಿದ ಮೇಲೆ ಅದು ಹೇಗೋ ನಿಲ್ಲುತ್ತಿತ್ತು. ನಾನು ಅಲ್ಲೇ ಹಲ್ಲು ಕಡಿಯುತ್ತಾ ನಿಂತಿರುತ್ತಿದ್ದೆ. ಅಪ್ಪ ಒಮ್ಮೆ ಹೋಗಿ, "ಮೇನಿಗೆ ಬೀಗ ಹಾಕಬಾರದು ಸ್ವಾಮಿ. ಯಾರಿಗಾರ ಶಾಕ್ ಹೊಡೆದ್ರೆ ಬೀಗದ ಕೈ ಹುಡುಕ್ತಾ ಕೂರಕ್ಕಾಯ್ತದಾ?" ಎಂದು ಹೇಳಿ ನೋಡಿದ್ದ. ರಂಗಸ್ವಾಮಿ ನಕ್ಕು, "ನಿಮ್ಮ ರೈಲಲ್ಲಿ ನೀವು ನೋಡ್ಕಳಿ, ನಮ್ಮನೇದು ನಾವ್ ನೋಡ್ಕತೀವಿ" ಅಂದಿದ್ದ.

ಪರೀಕ್ಷೆಗೆ ಮೂರು ವಾರ ಇದ್ದಾಗ ಒಂದು ಭಾನುವಾರ. ಮುಂದಿನ ಮನೆಯಲ್ಲಿ ಮಂಡಿಯ ಗೆಳೆಯರೆಲ್ಲ ಸೇರಿ ಕ್ರಿಕೆಟ್ ಮ್ಯಾಚು ನೋಡುತ್ತಿದ್ದರು. ಇಡೀ ಬೀದಿ ಅವರವರ ಟಿ.ವಿ. ಮುಂದೆ ಕೂತಿತ್ತು. ಅಷ್ಟರಲ್ಲಿ ದೊಡ್ಡದಾಗಿ ಟಕ್ ಎಂದಿತು. ಈ ಸಲ ಬರೀ ನಮ್ಮದಲ್ಲ, ಅವರ ಕಡೆಯದೂ ಹೋಯಿತು. ಎದುರು ಮನೆಯ ಟಿ.ವಿ.ಯಿಂದ ಮಾತ್ರ ಹೋ ಎಂಬ ಗದ್ದಲ ಕೇಳಿಸುತ್ತಿತ್ತು.

ರಂಗಸ್ವಾಮಿ ಚಪ್ಪಲಿ ಕಾಲಲ್ಲೇ ನಮ್ಮ ಮನೆ ಒಳಗೆ ಬಂದ. ಅಪ್ಪ ಡ್ಯೂಟಿಗೆ ಹೋಗಿದ್ದ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ಅವನು ಅತ್ತ ಇತ್ತ ನೋಡಿ, ಗೂಡಿನಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಎಳೆದುಕೊಂಡ. ಅದು ತಣ್ಣಗಿತ್ತು. ವೈರು ಸುತ್ತಿ, ಮೇಲೆ ಬಟ್ಟೆ ಹೊದಿಸಿ ಇಟ್ಟಿತ್ತು. ಮುಟ್ಟಿ ನೋಡಿದ್ದರೆ ಯಾರಿಗಾದರೂ ತಿಳಿಯುತ್ತಿತ್ತು. ಮುಟ್ಟಿಯೇ ಎತ್ತಿಕೊಂಡಿದ್ದ, ಅವನಿಗೂ ತಿಳಿದಿರಲೇಬೇಕು. ಆದರೂ ಅದನ್ನು ಬೀದಿಗೆ ತಂದು, ಬಾಗಿಲಿಗೆ ಬಂದು ನಿಂತಿದ್ದವರ ಮುಂದೆ ಮೇಲೆತ್ತಿ ತೋರಿಸಿದ.

"ನೋಡ್ರಪ್ಪ, ಇದೇ ನಮ್ಮನೆ ಕರೆಂಟ್ ತಿನ್ನೋದು. ಹೇಳಿ ಹೇಳಿ ಸಾಕಾಯ್ತು. ಇಂಥೋರ್ನೆಲ್ಲ ಒಳಗ್ ಬಿಟ್ಕೊಂಡಿದ್ದು ನಂದೇ ತಪ್ಪು. ಟೀಚರಮ್ಮ, ಪರೀಕ್ಷೆ ಮುಗೀಲಿ, ಬರೋ ತಿಂಗಳ ಕೊನೇಗೆ ಮನೆ ಖಾಲಿ ಮಾಡ್ಬಿಡಿ."

ಪೆಟ್ಟಿಗೆಯನ್ನು ಅವನು ಒಳಗೆ ತೆಗೆದುಕೊಂಡು ಹೋದ. ಅಮ್ಮನ ಮೊದಲನೇ ಸಂಬಳದ ಪೆಟ್ಟಿಗೆ ಅದು. ಅಮ್ಮ ಒಳಗೆ ಬಂದು ಮತ್ತೆ ಮೊರದ ಮುಂದೆ ಕೂತಳು. ಕಲ್ಲು ಯಾವುದು ಅಕ್ಕಿ ಯಾವುದು ಅವಳಿಗೆ ಕಾಣಿಸುತ್ತಿರಲಿಲ್ಲ ಅನ್ನುವುದು ನನಗೆ ಕಾಣಿಸುತ್ತಿತ್ತು. ಮರುದಿನದಿಂದ ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ ಹತ್ತಿ ಸೀರೆಯ ಮೇಲೆ ಉಜ್ಜಿ ಶಾಲೆಗೆ ಉಟ್ಟು ಹೋದಳು. ಒಂದು ಕಡೆ ಮಡಿಕೆ ಹೋದರೆ ಇನ್ನೊಂದು ಕಡೆ ಉಳಿಯುತ್ತಿತ್ತು.

ಬೀದಿಯ ಮಕ್ಕಳು ಒಂದೇ ದಿನದಲ್ಲಿ ಹೊಸ ಆಟ ಕಟ್ಟಿದರು. ನಾನು ಕುಂಟೆಬಿಲ್ಲೆಗೆ ಹೋದರೆ ಒಬ್ಬ, "ಗೌತಮಿ ಬಂದ್ಲು!" ಅನ್ನುತ್ತಿದ್ದ. ಉಳಿದವರೆಲ್ಲ "ಟಕ್!" ಎಂದು ಕೂಗಿ ಮಣ್ಣಿಗೆ ಬಿದ್ದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾನು ಹೋಗುವವರೆಗೂ ಏಳುತ್ತಿರಲಿಲ್ಲ. ಅವರಿಗೆ ಅದು ಬರೀ ಆಟ. ನನಗಲ್ಲ.

ಸೇಡು ತೀರಿಸದೆ ಬಿಡುವುದಿಲ್ಲ ಎಂದು ಗಣಿತದ ನೋಟ್ಸಿನ ಕೊನೆ ಪುಟದಲ್ಲಿ ಬರೆದೆ. ಕೆಳಗೆ ಉಪಾಯಗಳ ಪಟ್ಟಿ. ಅವನ ಚಪ್ಪಲಿಗೆ ನುಗ್ಗೆ ಮರದ ಕಂಬಳಿಹುಳ. ಕೊಬ್ಬರಿ ಚೀಲಕ್ಕೆ ಕೆಂಜಿಗ. ಜಯಮ್ಮನ ಸೊಂಟದ ಬೀಗದ ಕೈ ಕದ್ದು ಕೆರೆಗೆ. ಒಂದೊಂದು ಬರೆದಾಗಲೂ ಎದೆ ಸ್ವಲ್ಪ ತಣ್ಣಗಾಗುತ್ತಿತ್ತು. ಆಮೇಲೆ ಇದ್ಯಾವುದೂ ಸಾಲದು, ಬೀದಿಯ ಮುಂದೆಯೇ ಅವನ ಬಾಯಿ ಮುಚ್ಚಿಸಬೇಕು ಅನ್ನಿಸಿತು. ಅದಕ್ಕೆ ಸಾಕ್ಷಿ ಬೇಕು. ಪ್ರತಿ ಸಲ ಟ್ರಿಪ್ಪರ್ ಬಿದ್ದಾಗಲೂ ಬರೆದಿಡತೊಡಗಿದೆ.

"ಮಂಗಳವಾರ ಸಂಜೆ. ನಮ್ಮ ಮನೆ: ಒಂದು ಬಲ್ಬು. ಅಟ್ಟದಲ್ಲಿ: ಗಡಗಡ."

"ಶುಕ್ರವಾರ ಬೆಳಿಗ್ಗೆ. ನಮ್ಮ ಮನೆ: ಏನೂ ಇಲ್ಲ. ಅಟ್ಟದಲ್ಲಿ: ಗಡಗಡ. ಕಾಯಿ ಕೊಳ್ಳುವವರು ಬಂದಿದ್ದರು."

ಇಸ್ತ್ರಿ ಪೆಟ್ಟಿಗೆ ಅವರ ಮನೆಯಲ್ಲೇ ಇದ್ದರೂ ಟ್ರಿಪ್ಪರ್ ಬೀಳುವುದು ನಿಲ್ಲಲಿಲ್ಲ. ಅಷ್ಟಾದರೂ ಅವರಿಗೆ ಬುದ್ಧಿ ಬರಬೇಕಲ್ಲ. ಜಯಮ್ಮ ಬಂದು ನಮ್ಮ ಮಂಚದ ಕೆಳಗೆ ಬಗ್ಗಿ ನೋಡಿ, "ಇನ್ನೊಂದ್ ಮಡಗಿದೀರಾ?" ಎಂದು ಕೇಳಿದಳು. ನನ್ನ ಪುಸ್ತಕದಲ್ಲಿ ಎಂಟು ಸಲ ಬರೆದಿತ್ತು, ಎಂಟು ಸಲವೂ ಅಟ್ಟದಲ್ಲಿ ಕಾಯಿ ಉರುಳಿತ್ತು. ಅಪ್ಪನಿಗೆ ತೋರಿಸೋಣವೆಂದರೆ ಅವನು ಡ್ಯೂಟಿ ಮುಗಿಸಿದ ತಕ್ಷಣ ಸೈಕಲ್ ಹತ್ತಿ ಮನೆ ಹುಡುಕಲು ಹೋಗುತ್ತಿದ್ದ. ವಾಪಸು ಬಂದ ಮುಖ ನೋಡಿದರೆ ಏನು ಕೇಳಿದರು, ಇವನು ಏನು ಹೇಳಿದ ಎಂಬುದೆಲ್ಲ ತಿಳಿಯುತ್ತಿತ್ತು.

ಪರೀಕ್ಷೆ ಮುಗಿದ ದಿನ ರಂಗಸ್ವಾಮಿ ವೈರಿಂಗ್ ಮಂಜನನ್ನು ಕರೆಸಿದ. ನಾನು ಮೆಟ್ಟಿಲ ಕೆಳಗೆ ನಿಂತು ನೋಡುತ್ತಿದ್ದೆ.

"ಏನ್ಲಾ ಮಂಜ, ಇದು ಬೀಳ್ದಂಗೆ ಮಾಡಾಕಾಗಲ್ವೇನ್ಲಾ?"

"ಹಿಂದಿನ ಮನೆ ಲೋಡು ಜಾಸ್ತಿ ಐತೆ ಕಣಣ್ಣ. ಡೈರೆಕ್ಟ್ ಕೊಟ್ಬಿಡ್ತೀನಿ, ಇನ್ ಬೀಳೋ ಮಾತೇ ಇಲ್ಲ."

ಮಂಜ ಅಟ್ಟ ಹತ್ತಿ ನೋಡಲಿಲ್ಲ, ನಮ್ಮ ಮನೆಯೊಳಗೆ ಬಂದೂ ನೋಡಲಿಲ್ಲ. ನಮ್ಮ ಟ್ರಿಪ್ಪರಿಗೆ ಬರುವ, ಅದರಿಂದ ಹೋಗುವ ಎರಡು ವೈರು ಬಿಚ್ಚಿ, ಒಂದಕ್ಕೊಂದು ತಿರುಚಿ ಟೇಪು ಸುತ್ತಿ ಹೋದ. ಟ್ರಿಪ್ಪರ್ ಸುಮ್ಮನೆ ಗೊಂಬೆಯಂತೆ ಕೂತಿತ್ತು. ಜಯಮ್ಮ ಬೀಗ ಹಾಕಿ, "ಪೀಡೆ ಕಳೀತು" ಅಂದಳು.

ಮಾರನೇ ದಿನ ಮೇಲೆ ಗಡಗಡ ಎಂದಾಗ ನಮ್ಮ ಬಲ್ಬು ಒಮ್ಮೆ ಕಣ್ಣು ಮಿಟುಕಿಸಿತು. ಆರಲಿಲ್ಲ. ಬಚ್ಚಲಿನಲ್ಲಿ ಕೊಬ್ಬರಿ ಹುರಿದ ವಾಸನೆ ಬಂತು. ಒಲೆಯ ಮೇಲೆ ಏನೂ ಇರಲಿಲ್ಲ. ಬಚ್ಚಲಿನ ಮೂಲೆಯಲ್ಲಿ ಅಟ್ಟದ ಒಂದು ದಬ್ಬೆ ಮುರಿದು ತಲೆ ತೂರುವಷ್ಟು ಜಾಗವಿತ್ತು. ಡ್ರಮ್ಮಿನ ಮುಚ್ಚಳದ ಮೇಲೆ ಹತ್ತಿ, ಕೈ ಎರಡನ್ನೂ ಬೆನ್ನ ಹಿಂದೆ ಇಟ್ಟುಕೊಂಡು ನೋಡಿದೆ. ನಮ್ಮ ಮನೆಗೆ ಬರುವ ವೈರು ಅವರ ಕಾಯಿ ರಾಶಿಯ ನಡುವೆ, ತೊಲೆಗುಂಟ ಬಂದಿತ್ತು. ಎರಡು ಗೇಣಿನಷ್ಟು ಉದ್ದ ಇಲಿ ಕಡಿದು ಸಿಪ್ಪೆ ಹಾರಿ ತಾಮ್ರ ಹೊಳೆಯುತ್ತಿತ್ತು. ಕೆಳಗಿದ್ದ ಕಾಯಿಯ ನಾರು ಕಪ್ಪಗೆ ಸುಟ್ಟಿತ್ತು. ಪಕ್ಕದಲ್ಲೇ ಒಂದು ಇಲಿ ಹಪ್ಪಳದ ಹಾಗೆ ಒಣಗಿ ಬಿದ್ದಿತ್ತು.

ಕಳ್ಳ ಸಿಕ್ಕಿದ್ದ. ಅವರ ಇಲಿ, ಅವರ ಕೊಬ್ಬರಿ, ಅವರ ಅಟ್ಟ. ಡ್ರಮ್ಮಿನಿಂದ ಇಳಿದು ಬಚ್ಚಲ ಬಾಗಿಲು ಹಾಕಿಕೊಂಡು ನಕ್ಕೆ. ಹನ್ನೆರಡು ವರ್ಷದ ಹುಡುಗಿ ಹಾಗೆ ನಗಬಾರದು, ಆದರೆ ನಕ್ಕೆ.

ಯಾರಿಗೂ ಹೇಳಲಿಲ್ಲ. ಇಷ್ಟು ದಿನ ಟ್ರಿಪ್ಪರ್ ಬಿದ್ದೂ ಬಿದ್ದೂ ಅವನ ಕೊಬ್ಬರಿಯನ್ನು ಕಾಯುತ್ತಿತ್ತು. ಅದನ್ನು ಅವನೇ ಕಟ್ಟಿಹಾಕಿದ್ದಾನೆ, ಸುಡಲಿ ಅಂದುಕೊಂಡೆ. ತಿಂಗಳ ಕೊನೆಗೆ ಇನ್ನು ಹತ್ತು ದಿನ. ನಾವು ಹೋಗುವವರೆಗೆ ತಡೆದು, ಆಮೇಲೆ ಹತ್ತಿಕೊಳ್ಳಲಿ. ಒಣ ನಾರು, ಎಣ್ಣೆ ತುಂಬಿದ ಕೊಬ್ಬರಿ, ಒಂದು ಗಂಟೆಯಲ್ಲಿ ಅಟ್ಟ ಬೂದಿ. ಬೀದಿಯವರೆಲ್ಲ ನಿಂತು ನೋಡಲಿ. ಬುದ್ಧನ ಪಟದ ಮುಂದೆ ಕೈಮುಗಿದು ನಿಂತು ಇನ್ನೊಬ್ಬರ ಅಟ್ಟ ಸುಡಲಿ ಎಂದು ಬೇಡಿಕೊಂಡ ಬೌದ್ಧರ ಹುಡುಗಿ ನಾನೊಬ್ಬಳೇ ಇರಬೇಕು. ಆ ಮೂರು ದಿನ ನಾನು ಎಷ್ಟು ಸುಖವಾಗಿದ್ದೆ ಎಂದರೆ, ಬೀದಿಯ ಮಕ್ಕಳು "ಟಕ್!" ಎಂದು ಬಿದ್ದಾಗ ನಾನೂ ಅವರ ಜೊತೆ ನಗುತ್ತಿದ್ದೆ. ಅವನ ಅಟ್ಟದ ಕೆಳಗೆ ನನ್ನ ಅಮ್ಮನೂ ಮಲಗುತ್ತಾಳೆ ಎಂಬುದು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

ನಾಲ್ಕನೇ ದಿನ ಶನಿವಾರ. ಅಪ್ಪ ಮಧ್ಯಾಹ್ನ ಮನೆಗೆ ಬಂದು ಊಟಕ್ಕೆ ಕೂತಿದ್ದ. ಮುದ್ದೆ, ಹುರುಳಿಕಾಳು ಸಾರು. ನನಗೆ ಬಾಯಿ ತಡೆಯಲಿಲ್ಲ.

"ಅಪ್ಪ, ಟ್ರಿಪ್ಪರ್ ತೆಗ್ದು ಡೈರೆಕ್ಟ್ ಕೊಟ್ಟಿದ್ರೆ, ಆ ವೈರ್ನ ಇಲಿ ಕಡಿದಿದ್ರೆ, ಮನೆ ಪೂರ್ತಿ ಸುಟ್ಟೋಗಕ್ಕೆ ಎಷ್ಟು ದಿನ ಬೇಕು?"

ಮುದ್ದೆ ಮುರಿಯುತ್ತಿದ್ದ ಅಪ್ಪನ ಕೈ ನಿಂತಿತು. "ಯಾರ್ ಡೈರೆಕ್ಟ್ ಕೊಟ್ಟೋರು?"

"ಮಂಜ. ನಮ್ದನ್ನೇ. ಅವತ್ತು ನೀನು ಡ್ಯೂಟಿಗೆ ಹೋಗಿದ್ದೆ."

"ಇಲಿ ಕಡಿದಿರೋದು ನಿಂಗೆಂಗೆ ಗೊತ್ತು?"

ಹೇಳಿದೆ. ಹುರಿದ ವಾಸನೆಯನ್ನೂ ಹೇಳಿದೆ. ಅಪ್ಪ ಕೈ ತೊಳೆದು ಒರೆಸಿಕೊಂಡು ಎದ್ದ. ನಾನು ಅವನ ಕಾಲಿಗೆ ಅಡ್ಡ ನಿಂತೆ. "ಬೇಡಪ್ಪ, ಹೇಳ್ಬೇಡ. ಅವರ್ದು ತಾನೇ, ಸುಡ್ಲಿ ಬಿಡು. ಅಮ್ಮುಂಗೆ ಹೆಂಗ್ ಮಾಡುದ್ರು ನೋಡು." ಅಪ್ಪ ಯಾವತ್ತೂ ನನ್ನನ್ನು ಹೊಡೆದವನಲ್ಲ, ಅವತ್ತೂ ಹೊಡೆಯಲಿಲ್ಲ. ನನ್ನನ್ನು ಎತ್ತಿ ಪಕ್ಕಕ್ಕೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು, ಖಾರ ಕುಟ್ಟುವ ಗುಂಡುಕಲ್ಲು ತೆಗೆದುಕೊಂಡು ಹೊರಟ.

ರಂಗಸ್ವಾಮಿ ಮಂಡಿಯಲ್ಲಿದ್ದ. ಜಯಮ್ಮ ಮನೆಗೆ ಬೀಗ ಹಾಕಿ ಎಲ್ಲೋ ಹೋಗಿದ್ದಳು. ಪಡಸಾಲೆಯ ಮೆಟ್ಟಿಲನ್ನು ಅಪ್ಪ ಹತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೂರೇ ಏಟಿಗೆ ಪೆಟ್ಟಿಗೆಯ ಬೀಗ ಕಿತ್ತು ಬಂತು. ಮೇನ್ ಸ್ವಿಚ್ಚನ್ನು ಕೆಳಗೆ ಎಳೆದ. ಆಮೇಲೆ ಅಲ್ಲೇ, ಬೇರೆ ಯಾರೂ ಬಂದು ಮೇಲೆತ್ತದ ಹಾಗೆ, ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತುಕೊಂಡ.

ಬಾಡಿಗೆಯವನು ಓನರ್ ಮನೆಯ ಬೀಗ ಒಡೆದ ಎಂದರೆ ಬೀದಿ ಸುಮ್ಮನಿರುತ್ತದೆಯೇ? ಐದು ನಿಮಿಷದಲ್ಲಿ ಎಲ್ಲರೂ ಸೇರಿದರು. ಯಾರೋ ಸೈಕಲ್ಲಿನಲ್ಲಿ ಮಂಡಿಗೆ ಓಡಿದರು. ರಂಗಸ್ವಾಮಿ ಬೆವರುತ್ತಾ ಬಂದಾಗ ಇಡೀ ಬೀದಿ ಅಲ್ಲಿತ್ತು. ಇಸ್ತ್ರಿ ಪೆಟ್ಟಿಗೆ ಮೇಲೆತ್ತಿದ ದಿನ ಇದ್ದವರೆಲ್ಲ ಇದ್ದರು, ಒಬ್ಬರೂ ತಪ್ಪಿರಲಿಲ್ಲ. ನಾನು ಓಡಿಹೋಗಿ ಪುಸ್ತಕ ತಂದು ಎದೆಗೆ ಒತ್ತಿಕೊಂಡು ಅಪ್ಪನ ಪಕ್ಕ ನಿಂತೆ. ನಾನು ಕಾಯುತ್ತಿದ್ದ ಗಳಿಗೆ ಅದೇ. ಅಪ್ಪ ಬಾಯಿ ಬಿಟ್ಟರೆ ಸಾಕಿತ್ತು.

ಅಪ್ಪ ಮೆಟ್ಟಿಲಿಳಿದು, ರಂಗಸ್ವಾಮಿಯ ಕಿವಿಯ ಹತ್ತಿರ ಬಾಯಿ ತಂದು ಮೆಲ್ಲಗೆ ಏನೋ ಹೇಳಿದ. ಇಬ್ಬರೂ ಟಾರ್ಚು ಹಿಡಿದು ಅಟ್ಟ ಹತ್ತಿದರು. ತುಂಬ ಹೊತ್ತು ಮೇಲೇ ಇದ್ದರು. ಇಳಿದು ಬಂದಾಗ ರಂಗಸ್ವಾಮಿಯ ಮುಖದಲ್ಲಿ ರಕ್ತ ಇರಲಿಲ್ಲ. ಜನ "ಏನಾಯ್ತು, ಏನಾಯ್ತು" ಅಂದರು. ಅವನು ಒಮ್ಮೆ ಅಪ್ಪನ ಮುಖ ನೋಡಿ ಹೇಳಿದ:

"ಏನಿಲ್ಲ ಹೋಗ್ರಪ್ಪ. ಹಿಂದಿನ ಮನೇರ ಲೈನಲ್ಲೇ ಶಾರ್ಟ್ ಆಗಿತ್ತು. ಸರಿ ಮಾಡಿಸ್ತೀನಿ."

ಹಿಂದಿನ ಮನೆಯವರ ಲೈನು. ಜನ ನಮ್ಮ ಕಡೆ ತಿರುಗಿ ನೋಡಿ ತಲೆ ಆಡಿಸಿದರು. ನಾನು "ಸುಳ್ಳು!" ಎಂದು ಕಿರುಚಿದೆ. ಎರಡನೇ ಮಾತು ಬರುವ ಮೊದಲೇ ಅಪ್ಪನ ಅಂಗೈ ನನ್ನ ಬಾಯಿಯ ಮೇಲಿತ್ತು. ಆ ಕೈಯಲ್ಲಿ ಹುರುಳಿಕಾಳು ಸಾರಿನ ವಾಸನೆ ಇನ್ನೂ ಇತ್ತು. ಹಲ್ಲಿಗೆ ಸಿಕ್ಕಿದ್ದನ್ನು ಕಚ್ಚಿದೆ. ಅಪ್ಪ ಕೈ ತೆಗೆಯಲಿಲ್ಲ.

ಮನೆಯೊಳಗೆ ಬಂದ ಮೇಲೆ ಅಮ್ಮ ಕೇಳಿದಳು. "ಯಾಕ್ ಸುಮ್ನಾದ್ರಿ?"

"ಖಾಲಿ ಮಾಡೋದು ಬ್ಯಾಡ ಅಂದ. ಎಷ್ಟ್ ವರ್ಷ ಬೇಕಾದ್ರೂ ಇರಿ ಅಂದ. ಪೆಟ್ಟಿಗೇಗೂ ಇನ್ನ ಬೀಗ ಹಾಕಲ್ಲ. ಬೀದೀಲಿ ಮಾತ್ರ ಹೇಳ್ಬ್ಯಾಡಿ, ನನ್ ಮರ್ಯಾದೆ ಹೋಯ್ತದೆ ಅಂದ. ಮಾತ್ ಕೊಟ್ಟೆ."

"ನಮ್ ಮರ್ಯಾದೆ?" ಎಂದೆ ನಾನು.

ಅಪ್ಪ ನನ್ನನ್ನು ನೋಡಲಿಲ್ಲ. "ಹದಿನೇಳನೇ ಮನೆ ಕಣವ್ವ ಇದು. ಹದಿನೆಂಟನೇದು ಹುಡುಕಾಕೆ ನನ್ ಕಾಲಲ್ಲಿ ಶಕ್ತಿ ಇಲ್ಲ" ಎಂದ. ಆಮೇಲೆ ನನ್ನ ಪುಸ್ತಕ ಕೇಳಿದ. ಕೊನೆ ಪುಟಗಳನ್ನು ನಿಧಾನವಾಗಿ, ಬೆರಳಿಟ್ಟು ಓದಿದ. "ಸರ್ಯಾಗಿ ಬರ್ದಿದೀಯ. ನಮ್ ಆಫೀಸಲ್ಲೂ ಇಷ್ಟು ಸರ್ಯಾಗಿ ಬರಿಯಲ್ಲ" ಅಂದ. ಬರೆದ ಹಾಳೆಗಳನ್ನು ಹರಿದು, ಬಚ್ಚಲ ಒಲೆಗೆ ಹಾಕಿ, ಉರಿದು ಮುಗಿಯುವವರೆಗೆ ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ.

ಎರಡು ದಿನದಲ್ಲಿ ಬೇರೆ ಊರಿನ ವೈರಿಂಗಿನವರು ಬಂದು, ಹಳೇ ವೈರು ಕಿತ್ತು, ಪೈಪಿನೊಳಗೆ ಹೊಸ ವೈರು ಎಳೆದರು. ಟ್ರಿಪ್ಪರ್ ಮತ್ತೆ ಜೀವಂತವಾಯಿತು. ಆಮೇಲೆ ಅದು ಒಮ್ಮೆಯೂ ಸುಮ್ಮನೆ ಬೀಳಲಿಲ್ಲ. ಜಯಮ್ಮ ಇಸ್ತ್ರಿ ಪೆಟ್ಟಿಗೆಯನ್ನು ನಮ್ಮ ಹೊಸ್ತಿಲ ಹೊರಗೆ ಇಟ್ಟು ಹೋದಳು. ಪಕ್ಕದಲ್ಲಿ ಪೇಪರಿನಲ್ಲಿ ಕಟ್ಟಿದ ಎರಡು ಗಿಟುಕು. ಅಮ್ಮ ಪೆಟ್ಟಿಗೆಯನ್ನು ಒಳಗೆ ತಂದಳು. ಗಿಟುಕನ್ನು ನಾನು ಬೀದಿಯ ಚರಂಡಿಗೆ, ಜಯಮ್ಮ ನೋಡುತ್ತಿದ್ದ ಹಾಗೆಯೇ ಎಸೆದೆ. ಅಷ್ಟೇ ನನಗೆ ದಕ್ಕಿದ ಸೇಡು. ರಿಸಲ್ಟು ಬರುವವರೆಗೆ ಅಪ್ಪನ ಜೊತೆ ಮಾತು ಬಿಟ್ಟಿದ್ದೆ. ಬಂದ ಮೇಲೂ ಮೊದಲಿನ ಹಾಗೆ ಮಾತು ಬರಲಿಲ್ಲ. ಆ ಮನೆಯಲ್ಲಿ ಇನ್ನೂ ಆರು ವರ್ಷ ಇದ್ದೆವು.

ಈಗ ನಾನು ಬೇಲೂರಿನಲ್ಲಿ ಹೈಸ್ಕೂಲು ವಿಜ್ಞಾನದ ಟೀಚರ್. ಸ್ವಂತ ಮನೆ ಇದೆ, ಬೋರ್ಡಿಗೆ ಬೀಗ ಇಲ್ಲ, ನನ್ನ ಮಗಳಿಗೂ ಮಗನಿಗೂ ಟ್ರಿಪ್ಪರ್ ವಿದ್ಯೆ ಬರುತ್ತದೆ. ಅರಸೀಕೆರೆಯ ಆ ಮನೆ ಕೆಡವಿ ಅಂಗಡಿ ಸಾಲು ಕಟ್ಟಿದ್ದಾರೆ. ತಲೆಯ ಮೇಲೆ ಗಡಗಡ ಎನ್ನುವ ಅಟ್ಟ ಇಲ್ಲ, ಕಂಬಳಿಯ ಕಮಟು ವಾಸನೆ ಇಲ್ಲ. ಕರೆಂಟು ಹೋದರೆ ಯಾರೂ ಬಾಗಿಲಿಗೆ ಬರುವುದಿಲ್ಲ, ಎಲ್ಲರ ಮನೆಯಲ್ಲೂ ಯುಪಿಎಸ್ ಇದೆ. ರಂಗಸ್ವಾಮಿ ಹೋದ. ಅವನ ಹಿಂದೆ ಎರಡು ವರ್ಷಕ್ಕೆ ಅಪ್ಪ ಹೋದ. ಕೊಟ್ಟ ಮಾತನ್ನು ಕೊನೆಯವರೆಗೂ ಮುರಿಯಲಿಲ್ಲ. ಆಸ್ಪತ್ರೆಯಲ್ಲಿ ಅವನ ಕೈ ಹಿಡಿದು ಕೂತಿದ್ದಾಗ, ಈಗಲಾದರೂ ನಿಜ ಹೇಳಬಾರದೇ ಎಂದು ಕೇಳುವ ಮಾತು ಬಾಯಿಗೆ ಬಂದಿತ್ತು. ಕೇಳಲಿಲ್ಲ, ಹೆಬ್ಬೆರಳ ಬುಡದಲ್ಲಿ ನನ್ನ ಹಲ್ಲಿನ ಗುರುತು ಇದೆಯೇ ಎಂದು ಮಾತ್ರ ನೋಡಿದೆ. ಇರಲಿಲ್ಲ. ಅವನಿಗೆ ಬೇರೆ ದಾರಿ ಇರಲಿಲ್ಲ ಎಂಬುದು ಇವತ್ತು ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಕ್ಷಮಿಸಿದ್ದೇನೆ ಎಂದಲ್ಲ, ಅವನನ್ನೂ, ರಂಗಸ್ವಾಮಿಯನ್ನೂ.

ಹೋದ ವರ್ಷ ಅರಸೀಕೆರೆಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಸಾಲಿನಲ್ಲಿ ಒಬ್ಬ ಮುದುಕಿ ನನ್ನ ಗಲ್ಲ ಹಿಡಿದು ಎತ್ತಿ ನೋಡಿದಳು. ನಮ್ಮ ಎದುರು ಮನೆಯ ಆಕೆ.

"ನೀನು ಆ ಇಸ್ತ್ರಿ ಪೆಟ್ಟಿಗೆ ಟೀಚರಮ್ಮನ ಮಗಳಲ್ವೇನೇ? ಅಯ್ಯೋ, ಎಷ್ಟ್ ಸಲ ಕರೆಂಟ್ ಬೀಳುಸ್ತಿದ್ರೇ ನೀವು!"

ಸುತ್ತಲಿನವರು ನಕ್ಕರು. ಪ್ರೀತಿಯಿಂದಲೇ ನಕ್ಕರು. ನಾನು ಎಲೆಯ ಮುಂದೆ ಕೈ ತಡೆದು, ಇಲಿ, ವೈರು, ಅಟ್ಟ ಎಲ್ಲ ಹೇಳತೊಡಗಿದೆ. ಆಕೆ ನನ್ನ ಮೊಣಕೈ ತಟ್ಟಿ, "ಹೋಗ್ಲಿ ಬಿಡವ್ವ, ಹಳೇ ಕತೆ. ಅವರೂ ಇಲ್ಲ, ನಿಮ್ಮಪ್ಪಾನೂ ಇಲ್ಲ. ಪಾಯಸ ಹಾಕುಸ್ಕೊ" ಎಂದಳು.

ಬರೆದ ಹಾಳೆ ಸುಟ್ಟುಹೋಗಿದೆ, ಅಟ್ಟ ಹತ್ತಿದ ಇಬ್ಬರೂ ಮಣ್ಣಾಗಿದ್ದಾರೆ. ಕಣ್ಣಾರೆ ಕಂಡವರಲ್ಲಿ ಉಳಿದವಳು ನಾನೊಬ್ಬಳೇ, ಮಾತು ಕೊಟ್ಟವಳು ನಾನಲ್ಲ. ಆ ಬೀದಿಯವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳಿಸಿಕೊಳ್ಳಿ: ಇಸ್ತ್ರಿ ಪೆಟ್ಟಿಗೆ ತಣ್ಣಗಿತ್ತು. ನನ್ನ ಅಮ್ಮ ಅಕ್ಕಿ ಆರಿಸುತ್ತಿದ್ದಳು.